ಹಳೇ ಕಾರಿನ ಯಾವ ಕೆಲಸ ಎಲ್ಲಿ ಮಾಡಿಸೋದು? ಮನೆ, ಗ್ಯಾರೇಜ್, ಕಂಪನಿ ಸರ್ವಿಸ್

ಕಾರಿಗೆ ಹತ್ತು ಹನ್ನೆರಡು ವರ್ಷ ದಾಟಿದ ಮೇಲೆ ಮಾಲೀಕರಲ್ಲಿ ಎರಡು ಪಂಗಡ ಆಗುತ್ತವೆ. ಒಬ್ಬರು ಕಂಪನಿ ಸರ್ವಿಸ್ ಬಿಟ್ಟು ಬೇರೆಲ್ಲೂ ಗಾಡಿ ಬಿಡುವುದಿಲ್ಲ. ಇನ್ನೊಬ್ಬರು ಬೀದಿ ಕೊನೆಯ ಮೆಕ್ಯಾನಿಕ್ ಹೇಳಿದ್ದೇ ವೇದವಾಕ್ಯ ಅಂತ ನಂಬಿರುತ್ತಾರೆ. ಮೊದಲನೆಯವರ ದುಡ್ಡು ಬೇಡದ ಕೆಲಸಕ್ಕೆ ಹೋಗುತ್ತದೆ. ಎರಡನೆಯವರ ದುಡ್ಡು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದಕ್ಕೆ ಹೋಗುತ್ತದೆ.

ಹಳೇ ಕಾರಿಗೆ ಇದೊಂದೇ ಜಾಗ ಸರಿ ಅಂತ ಹೇಳಲು ಆಗುವುದಿಲ್ಲ. ಕೆಲಸ ನೋಡಿ ಜಾಗ ಆರಿಸಬೇಕು. ಆರಿಸುವುದಕ್ಕೆ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಭಾಗ ಕೈಕೊಟ್ಟರೆ ಏನಾಗುತ್ತದೆ? ಬ್ರೇಕ್ ಹಿಡಿಯುವುದಿಲ್ಲವೋ, ಎಂಜಿನ್ ಸುಟ್ಟು ಹೋಗುತ್ತದೋ, ದಾರಿ ಮಧ್ಯೆ ಗಾಡಿ ನಿಲ್ಲುತ್ತದೋ, ಇಲ್ಲ ಹಿಂದಿನ ಕಿಟಕಿ ಇಳಿಯುವುದಿಲ್ಲ ಅಷ್ಟೇನೋ? ಉತ್ತರ ಸಿಕ್ಕರೆ ಎಲ್ಲಿ ಮಾಡಿಸಬೇಕು, ಯಾವ ದರ್ಜೆಯ ಪಾರ್ಟ್ ಹಾಕಬೇಕು, ಎಷ್ಟು ಖರ್ಚು ಮಾಡಬೇಕು ಅನ್ನುವುದು ಮುಕ್ಕಾಲು ಭಾಗ ತೀರ್ಮಾನವಾದ ಹಾಗೆ.

ಇಲ್ಲಿ ಬರೆದಿರುವುದು ಮುಖ್ಯವಾಗಿ ಸಣ್ಣ ಪೆಟ್ರೋಲ್ ಕಾರುಗಳ ಬಗ್ಗೆ. ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಮೊದಲ ತಲೆಮಾರಿನ ಸ್ವಿಫ್ಟ್ ಇಂಥವು. ಮಾರುತಿ 800 ಬಂದದ್ದು 1983ರ ಡಿಸೆಂಬರ್‌ನಲ್ಲಿ, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಆದರೂ ಅದರ ಪಾರ್ಟ್ಸ್ ತಾಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತವೆ. ಷೆವ್ರೊಲೆ ನಮ್ಮಲ್ಲಿ ಮಾರಾಟ ನಿಲ್ಲಿಸಿದ್ದು 2017ರಲ್ಲಿ. ಫೋರ್ಡ್ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಹೇಳಿದ್ದು 2021ರಲ್ಲಿ. ಈ ಕಾರು ಇಟ್ಟುಕೊಂಡವರಿಗೆ ಪಾರ್ಟ್ ಸಿಗುವವರೆಗೆ ಕಾಯುವುದೂ ಒಂದು ಖರ್ಚು. ಆ ಮಾದರಿಗೆ ಪಳಗಿದ ಗ್ಯಾರೇಜನ್ನು ಮೊದಲೇ ಹುಡುಕಿಟ್ಟುಕೊಳ್ಳುವುದು ವಾಸಿ.

ಮನೆಯಲ್ಲೇ ಆಗುವ ಕೆಲಸ

ಆಯಿಲ್ ಮಟ್ಟ ನೋಡುವುದು, ಕೂಲೆಂಟ್ ನೋಡುವುದು, ಏರ್ ಫಿಲ್ಟರ್ ತೆಗೆದು ಧೂಳು ಕೊಡವುವುದು, ವೈಪರ್ ಬ್ಲೇಡ್, ಬಲ್ಬ್, ಫ್ಯೂಸ್, ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ ಪುಡಿ ತೊಳೆಯುವುದು. ಇವಕ್ಕೆ ಯಾರ ಹತ್ತಿರವೂ ಹೋಗಬೇಕಿಲ್ಲ. ಟರ್ಮಿನಲ್ಲಿಗೆ ಬಿಸಿನೀರಿನಲ್ಲಿ ಸ್ವಲ್ಪ ಅಡುಗೆ ಸೋಡಾ ಕಲಸಿ ಹಾಕಿದರೆ ಸಾಕು. ಒಣಗಿದ ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ.

ಆಯಿಲ್ ನೋಡುವುದಾದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟಾದ ಜಾಗದಲ್ಲಿ ನೋಡಿ. ಹಳೇ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಸಹಜ. ಎಷ್ಟು ಕುಡಿಯುತ್ತಿದೆ ಅನ್ನುವುದು ನಿಮಗೆ ಗೊತ್ತಿರಬೇಕು. ತಿಂಗಳಿಗೊಮ್ಮೆ ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ, ಮುಂದೆ ಯಾರಾದರೂ "ಎಂಜಿನ್ ಕೆಲಸ ಬಂದಿದೆ ಸಾರ್" ಅಂದಾಗ ನಿಮ್ಮ ಹತ್ತಿರ ಲೆಕ್ಕ ಇರುತ್ತದೆ.

ಆಯಿಲ್ ಬದಲಿಸುವುದನ್ನು ಮನೆಯಲ್ಲೇ ಮಾಡಬಹುದಾ? ಮಾಡಬಹುದು. ಆದರೆ ಅದರಲ್ಲಿ ಉಳಿಯುವುದು ಕೂಲಿಯ ಸಣ್ಣ ಮೊತ್ತ. ಮೂರು ಲೀಟರಿನಷ್ಟು ಸುಟ್ಟ ಆಯಿಲ್ ಎಲ್ಲಿ ಸುರಿಯುತ್ತೀರಿ? ಚರಂಡಿಗೆ ಬಿಡುವಂತಿಲ್ಲ. ಜ್ಯಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ನುಸುಳುವುದಂತೂ ಬೇಡವೇ ಬೇಡ. ಆಯಿಲ್ ಮತ್ತು ಫಿಲ್ಟರ್ ನೀವೇ ತಂದು, ಗ್ಯಾರೇಜಿನಲ್ಲಿ ಎದುರಿಗೇ ನಿಂತು ಹಾಕಿಸಿ.

ಮನೆಯಲ್ಲಿ ಇರಬೇಕಾದ ಸಾಮಾನು ಬಹಳ ಇಲ್ಲ. ಟೈರ್ ಗಾಳಿ ನೋಡುವ ಗೇಜ್, ಜಂಪರ್ ಕೇಬಲ್, ಟಾರ್ಚ್, ಮತ್ತು ಕೆಲವೇ ನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್. ಇವುಗಳಲ್ಲಿ ಒಂದನ್ನೇ ಕೊಳ್ಳಿ ಅಂದರೆ ನಾನು ಮಲ್ಟಿಮೀಟರ್ ಕೊಳ್ಳಿ ಅನ್ನುತ್ತೇನೆ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಸ್ಟಾರ್ಟ್ ಆಗದಿದ್ದರೆ: ಬ್ಯಾಟರಿಯೋ, ಸೆಲ್ಫೋ, ಡೈನಮೋನೋ?

ಹಳೇ ಕಾರಿನವರು ಸುಮ್ನೆ ದುಡ್ಡು ಕಳೆಯುವ ಜಾಗ ಇದು. ಗಾಡಿ ಸ್ಟಾರ್ಟ್ ಆಗಲಿಲ್ಲ, ಹೊಸ ಬ್ಯಾಟರಿ ಹಾಕಿಸಿದರು, ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ತಪ್ಪು ಡೈನಮೋದ್ದಾಗಿತ್ತು. (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು ಇದೇ. ಅಸಲಿಗೆ ಅದು ಆಲ್ಟರ್ನೇಟರ್. ಗ್ಯಾರೇಜಿನಲ್ಲಿ ಎಲ್ಲರೂ ಡೈನಮೋ ಅಂತಲೇ ಕರೆಯುತ್ತಾರೆ.)

ಮೊದಲು ಕಿವಿ ಕೊಡಿ. ಕೀ ತಿರುಗಿಸಿದಾಗ "ಟಕ ಟಕ ಟಕ" ಅಂತ ಬೇಗ ಬೇಗ ಸದ್ದು ಬಂದು ಡ್ಯಾಶ್‌ಬೋರ್ಡ್ ದೀಪ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ದೀಪ ಪ್ರಕಾಶವಾಗೇ ಇದ್ದು ಒಂದೇ ಒಂದು "ಟಕ್" ಬಂದರೆ ಎಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರ್ ಕಡೆ ನೋಡಬೇಕು. ಎಂಜಿನ್ ಚೆನ್ನಾಗಿ ತಿರುಗಿಯೂ ಹಿಡಿಯದಿದ್ದರೆ ಬ್ಯಾಟರಿಗೂ ಇದಕ್ಕೂ ಸಂಬಂಧವಿಲ್ಲ. ಅದು ಪೆಟ್ರೋಲ್ ಅಥವಾ ಕಿಡಿಯ ಸಮಸ್ಯೆ. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಷನ್ ಇರುವ) ಗಾಡಿಯಾದರೆ ಕೀ ಆನ್ ಮಾಡಿದ ತಕ್ಷಣ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ "ಗುಂಯ್" ಅನ್ನುವ ಫ್ಯುಯೆಲ್ ಪಂಪಿನ ಸದ್ದು ಕೇಳಬೇಕು. ಕೇಳಲಿಲ್ಲ ಅಂದರೆ ಮೊದಲು ಫ್ಯೂಸ್, ರಿಲೇ ನೋಡಿ. ಕೀ ಚಿತ್ರದ ದೀಪ ಮಿನುಗುತ್ತಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಜರ್ ನಿಮ್ಮ ಕೀಯನ್ನು ಗುರುತಿಸಿಲ್ಲ. ಇನ್ನೊಂದು ಕೀ ಹಾಕಿ ನೋಡಿ.

ಈಗ ಮಲ್ಟಿಮೀಟರ್. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ. 12.2ರ ಹತ್ತಿರ ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿಯಾದಂತೆ. ಆಮೇಲೆ ಎಂಜಿನ್ ಓಡುತ್ತಿರುವಾಗ ಅಳೆಯಿರಿ. 13.8ರಿಂದ 14.5ರ ಒಳಗೆ ಇದ್ದರೆ ಡೈನಮೋ ಸರಿಯಾಗಿ ಚಾರ್ಜ್ ಮಾಡುತ್ತಿದೆ. 13ಕ್ಕಿಂತ ಕಡಿಮೆ ತೋರಿಸಿದರೆ ಎಷ್ಟೇ ಹೊಸ ಬ್ಯಾಟರಿ ಹಾಕಿದರೂ ಅದು ಇಳಿದೇ ಇಳಿಯುತ್ತದೆ. 15 ದಾಟಿದರೆ ಇನ್ನೂ ಕೆಟ್ಟದ್ದು, ರೆಗ್ಯುಲೇಟರ್ ಹೋಗಿ ಬ್ಯಾಟರಿಯನ್ನು ಕುದಿಸುತ್ತಿದೆ ಅಂತ ಅರ್ಥ. ಎರಡೂ ಅಳತೆ ಸರಿ ಇದ್ದು, ಗಾಡಿ ಎರಡು ಮೂರು ದಿನ ನಿಂತರೆ ಮಾತ್ರ ಬ್ಯಾಟರಿ ಇಳಿಯುತ್ತದೆಯೇ? ಆಗ ಎಲ್ಲೋ ಕರೆಂಟ್ ಸೋರುತ್ತಿದೆ. ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ರಿವರ್ಸ್ ಕ್ಯಾಮೆರಾ ಇದ್ದರೆ ಮೊದಲ ಅನುಮಾನ ಅವುಗಳ ಮೇಲೆ. ಮಲೆನಾಡಿನ ಕಡೆ ತೋಟದ ಮನೆ ಶೆಡ್ಡಿನಲ್ಲಿ ನಿಲ್ಲುವ ಗಾಡಿಗೆ ಎರಡನೇ ಅನುಮಾನ ಇಲಿ.

ಕೆಲಸ ಎಲ್ಲಿ ಅಂತ ಕೇಳಿದರೆ, ಬ್ಯಾಟರಿಯನ್ನು ಬ್ಯಾಟರಿ ಅಂಗಡಿಯಲ್ಲೇ ಕೊಳ್ಳಿ. ಹಳೆಯದನ್ನು ಕೊಟ್ಟರೆ ಬೆಲೆ ಇಳಿಸುತ್ತಾರೆ, ವಾರಂಟಿ ಕಾರ್ಡೂ ನೇರವಾಗಿ ನಿಮ್ಮ ಕೈಗೆ ಬರುತ್ತದೆ. ಸೆಲ್ಫ್ ಮತ್ತು ಡೈನಮೋವನ್ನು ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ಯಿರಿ. ಕಂಪನಿ ಸರ್ವಿಸ್‌ನಲ್ಲಿ ಇಡೀ ಯೂನಿಟ್ಟನ್ನೇ ಬದಲಿಸುವುದು ರೂಢಿ. ಎಲೆಕ್ಟ್ರಿಷಿಯನ್ ಬಿಚ್ಚಿ ಕಾರ್ಬನ್ ಬ್ರಶ್, ಬೇರಿಂಗ್, ಬುಷ್ ಹಾಕಿ ಅದರ ಸಣ್ಣ ಪಾಲಿನ ಖರ್ಚಿನಲ್ಲಿ ಮುಗಿಸುತ್ತಾನೆ. ಆರ್ಮೇಚರ್ ಸುಟ್ಟಿದ್ದರೆ ಮಾತ್ರ ರಿಪೇರಿಗೆ ಅಂಟಿಕೊಳ್ಳಬೇಡಿ.

ಜಂಪ್ ಸ್ಟಾರ್ಟ್ ಮಾಡುವಾಗ ಕ್ರಮ ಮುಖ್ಯ. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಒಳ್ಳೇ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಕೇಬಲ್ ಒಳ್ಳೇ ಬ್ಯಾಟರಿಯ ಮೈನಸ್ಸಿಗೆ. ಅದರ ಇನ್ನೊಂದು ತುದಿಯನ್ನು ಸತ್ತ ಗಾಡಿಯ ಎಂಜಿನ್ನಿನ ಬರಿ ಲೋಹಕ್ಕೆ ಕಚ್ಚಿಸಿ, ಬ್ಯಾಟರಿಗಲ್ಲ. ಬ್ಯಾಟರಿ ಹತ್ತಿರ ಕಿಡಿ ಹಾರಬಾರದು ಅನ್ನುವುದೇ ಉದ್ದೇಶ.

ಹೀಟ್ ಆಗುವ ಗಾಡಿ

ಬ್ಯಾಟರಿ ಕೆಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಹೀಟ್ ಆದದ್ದನ್ನು ಗಮನಿಸದೆ ಓಡಿಸಿದರೆ ಎಂಜಿನ್ನೇ ಹೋಗುತ್ತದೆ. ಹಾಗಾಗಿ ಇಲ್ಲಿ ಉಳಿತಾಯದ ಮಾತೇ ಬೇಡ.

ಯಾವಾಗ ಹೀಟ್ ಆಗುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಏರಿ, ಗಾಡಿ ಓಡಿದ ತಕ್ಷಣ ಇಳಿದರೆ ರೇಡಿಯೇಟರ್ ಫ್ಯಾನ್, ಅದರ ರಿಲೇ ಅಥವಾ ಸೆನ್ಸರ್ ನೋಡಬೇಕು. ಊರಿನಲ್ಲಿ ಸರಿ ಇದ್ದು ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಹತ್ತುವಾಗ ಏರಿದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ, ಕೂಲೆಂಟ್ ಕಡಿಮೆ ಇದೆ, ಅಥವಾ ವಾಟರ್ ಪಂಪ್, ಇಲ್ಲ ಎಂಜಿನ್ ಬಿಸಿಯಾದ ಮೇಲೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಕಡೆ ತೊಂದರೆ ಇದೆ. ಕೂಲೆಂಟ್ ಪದೇ ಪದೇ ಕಡಿಮೆಯಾಗಿ, ಸೋರಿದ ಗುರುತೇ ಇಲ್ಲದಿದ್ದರೆ, ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರುವ ಸಾಧ್ಯತೆ ಜಾಸ್ತಿ. ಆ ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ, ಟೋ ಮಾಡಿಸಿ.

ಮುಳ್ಳು ಮೇಲೆ ಏರುತ್ತಿದ್ದರೆ ಏಸಿ ಆಫ್ ಮಾಡಿ, ಹೀಟರ್ ಫುಲ್ ಇಡಿ, ಬದಿಗೆ ನಿಲ್ಲಿಸಿ. ಕೆಂಪು ಗೆರೆ ಮುಟ್ಟಿದ್ದರೆ ಎಂಜಿನ್ ಆಫ್. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲು ಹೋಗಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಮುಕ್ಕಾಲು ಗಂಟೆ ಕಾಯಲೇಬೇಕು.

ಇನ್ನು ನೀರೋ, ಕೂಲೆಂಟೋ? ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಸುತ್ತಮುತ್ತಲಿನ ಬೋರ್‌ವೆಲ್ ನೀರಿನ ಗಡಸುತನ ಗೊತ್ತಲ್ಲ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅದೇ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ದಾರಿಯಲ್ಲಿ ಬೇರೆ ಗತಿ ಇಲ್ಲದಾಗ ಯಾವ ನೀರಾದರೂ ಸರಿ. ಊರು ಸೇರಿದ ಮೇಲೆ ಅದನ್ನು ಚೆಲ್ಲಿ ತೊಳೆಸಿ ಕೂಲೆಂಟ್ ತುಂಬಿಸಿ. ನೀರು ಬೆರೆಸುವ ಕಾನ್ಸಂಟ್ರೇಟ್ ತಂದರೆ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ. ಆ ಗೋಜು ಬೇಡ ಅನ್ನುವವರಿಗೆ ರೆಡಿ ಮಿಕ್ಸ್ ಸಿಗುತ್ತದೆ. ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣದ ಕೂಲೆಂಟ್ ಸುರಿಯಬೇಡಿ, ಒಳಗಿನ ರಾಸಾಯನಿಕ ಬೇರೆ ಬೇರೆ ಇರಬಹುದು.

ನಮ್ಮ ಗ್ಯಾರೇಜುಗಳ ಎರಡು ಹಳೇ ಮದ್ದು ಇವೆ. ಒಂದು, ಥರ್ಮೋಸ್ಟಾಟ್ ಕಿತ್ತು ಬಿಸಾಕುವುದು. ಇನ್ನೊಂದು, ಫ್ಯಾನಿಗೆ ಡೈರೆಕ್ಟ್ ವೈರ್ ಕೊಡುವುದು. ಫ್ಯಾನ್ ಡೈರೆಕ್ಟ್ ಮಾಡಿದ್ದು ಮನೆ ಸೇರುವ ತನಕದ ಉಪಾಯವಾದರೆ ಒಪ್ಪಿಕೊಳ್ಳೋಣ. ಥರ್ಮೋಸ್ಟಾಟ್ ತೆಗೆಯುವುದನ್ನು ಮಾತ್ರ ಒಪ್ಪಬೇಡಿ. ಅದಿಲ್ಲದೆ ಎಂಜಿನ್ ಸರಿಯಾದ ಬಿಸಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಇಂಜೆಕ್ಷನ್ ಗಾಡಿಯ ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬೀಳುತ್ತದೆ, ಎಂಜಿನ್ ಸವೆಯುತ್ತದೆ. ಹೊಸ ಥರ್ಮೋಸ್ಟಾಟ್ ದುಬಾರಿಯೇನಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು "ಇದರಲ್ಲಿ ಥರ್ಮೋಸ್ಟಾಟ್ ಇದೆಯಾ?" ಅಂತ ಒಮ್ಮೆ ನೋಡಿಸಿಕೊಳ್ಳಿ.

ರೇಡಿಯೇಟರ್ ಹಿತ್ತಾಳೆಯದಾದರೆ ರೇಡಿಯೇಟರ್ ಅಂಗಡಿಯವರು ಬಿಚ್ಚಿ, ರಾಡ್ ಹಾಕಿ ಶುಚಿ ಮಾಡಿ, ಬೆಸುಗೆ ಹಾಕಿ ಕೊಡುತ್ತಾರೆ. ಅಲ್ಯುಮಿನಿಯಮ್ ಕೋರ್, ಪ್ಲಾಸ್ಟಿಕ್ ಟ್ಯಾಂಕ್ ಇರುವುದು ಸೋರಿದರೆ ಎಂ-ಸೀಲ್ ಮೆತ್ತಬೇಡಿ, ಹೊಸದು ಹಾಕಿಸಿ.

ಗ್ಯಾರೇಜೋ, ಕಂಪನಿ ಸರ್ವಿಸೋ?

ಕಂಪನಿ ಸರ್ವಿಸ್‌ನ ಬಲ ಮೂರು ಕಡೆ ಇದೆ. ಆ ಮಾದರಿಗೇ ಮಾಡಿದ ಸ್ಕ್ಯಾನರ್ ಮತ್ತು ಟೂಲ್, ಪಾರ್ಟ್ ಅಸಲಿ ಅನ್ನುವ ಭರವಸೆ, ಮತ್ತು ಬಿಲ್ಲು. ಎಬಿಎಸ್, ಏರ್‌ಬ್ಯಾಗ್, ಇಮ್ಮೊಬಿಲೈಜರ್, ಎಷ್ಟು ಹುಡುಕಿದರೂ ಸಿಗದ ಎಂಜಿನ್ ಲೈಟ್, ಇಂಥವಕ್ಕೆ ಅಲ್ಲಿಗೇ ಹೋಗಿ. ರೀಕಾಲ್ (ತಯಾರಿಕೆಯ ದೋಷಕ್ಕೆ ಕಂಪನಿಯೇ ಗಾಡಿ ವಾಪಸ್ ಕರೆಸಿ ಮಾಡುವ) ಕೆಲಸ ಇದ್ದರೆ ಅದು ಉಚಿತ, ಗಾಡಿ ಹಳೆಯದಾಗಿದ್ದರೂ ಒಮ್ಮೆ ಷಾಸಿ ನಂಬರ್ ಕೊಟ್ಟು ವಿಚಾರಿಸಿ.

ಬಲಹೀನತೆ ಎಲ್ಲಿ ಅಂದರೆ, ಅಲ್ಲಿ ರಿಪೇರಿ ಕಡಿಮೆ, ಬದಲಿಸುವುದೇ ಜಾಸ್ತಿ. ಗಾಡಿ ಮುಟ್ಟುವ ಕೈ ಪ್ರತಿ ಸಲ ಬೇರೆ. ನಿಮ್ಮ ಜೊತೆ ಮಾತಾಡುವ ಅಡ್ವೈಸರ್ ಗಾಡಿ ಬಿಚ್ಚುವವನಲ್ಲ. ಜಾಬ್ ಕಾರ್ಡಿನ ಕೊನೆಗೆ ಡಿಕಾರ್ಬನೈಸಿಂಗ್, ಎಂಜಿನ್ ಫ್ಲಶ್, ಏಸಿ ಡಿಸ್ಇನ್ಫೆಕ್ಷನ್, ಟೆಫ್ಲಾನ್ ಕೋಟಿಂಗ್ ಅಂತ ಸಾಲು ಸಾಲು ಸೇರಿಕೊಳ್ಳುತ್ತದೆ. ಹದಿನೈದು ವರ್ಷದ ಆಲ್ಟೊಗೆ ಇವುಗಳಲ್ಲಿ ಯಾವುದೂ ತುರ್ತಲ್ಲ. ಸಹಿ ಹಾಕುವ ಮೊದಲು ಒಂದೊಂದಾಗಿ ಹೊಡೆದು ಹಾಕಿಸಿ. ಮುಜುಗರ ಬೇಡ, ದುಡ್ಡು ನಿಮ್ಮದು. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಅಂಡರ್‌ಬಾಡಿ ಕೋಟಿಂಗ್ ಮಾತ್ರ ಬೇರೆ ಲೆಕ್ಕ. ಉಪ್ಪುಗಾಳಿಗೆ ತಳ ತುಕ್ಕು ಹಿಡಿಯುತ್ತದೆ. ಆದರೆ ಈಗಾಗಲೇ ಹಿಡಿದ ತುಕ್ಕನ್ನು ಉಜ್ಜಿ ತೆಗೆಯದೆ ಮೇಲೆ ಕಪ್ಪು ಬಳಿದರೆ ಒಳಗೊಳಗೇ ತಿನ್ನುತ್ತದೆ. ಗಾಡಿ ಎತ್ತಿಸಿ ಕಣ್ಣಾರೆ ನೋಡಿದ ಮೇಲೆ ಹೂಂ ಅನ್ನಿ.

ಬೀದಿ ಗ್ಯಾರೇಜಿನ ಬಲ ಅಂದರೆ ಆ ಮೆಕ್ಯಾನಿಕ್ಕಿಗೆ ನಿಮ್ಮ ಗಾಡಿಯ ಪರಿಚಯ. ಹೋದ ವರ್ಷ ಏನು ಮಾಡಿದ್ದು ಅಂತ ಅವನಿಗೆ ನೆನಪಿರುತ್ತದೆ. ಕಾರ್ಬುರೇಟರ್ ಬಿಚ್ಚಿ ಟ್ಯೂನ್ ಮಾಡುವುದು, ಟ್ಯಾಪೆಟ್ ಸೆಟ್ಟಿಂಗ್, ಕ್ಲಚ್, ಸಸ್ಪೆನ್ಷನ್ ಬುಷ್, ಲಿಂಕ್ ರಾಡ್ ಇಂಥ ಕೆಲಸದಲ್ಲಿ ಒಳ್ಳೇ ಗ್ಯಾರೇಜನ್ನು ಕಂಪನಿಯವರು ಮೀರಿಸುವುದು ಕಷ್ಟ. ಈಗಿನ ಎಷ್ಟೋ ಹುಡುಗರು ಕಾರ್ಬುರೇಟರ್ ಮುಟ್ಟಿಯೇ ಇಲ್ಲ, ಹಳೇ 800 ಇದ್ದವರು ಹಳೇ ಮೇಸ್ತ್ರಿಯನ್ನೇ ಹುಡುಕಬೇಕು.

ಒಳ್ಳೇ ಗ್ಯಾರೇಜನ್ನು ಗುರುತಿಸುವುದು ಹೇಗೆ? ಬೋರ್ಡ್ ನೋಡಿ ಅಲ್ಲ. "ಅಣ್ಣಾ, ಬಿಚ್ಚಿದ ಹಳೇ ಪಾರ್ಟ್ ಎತ್ತಿಡಿ, ನಾನು ನೋಡಬೇಕು" ಅನ್ನಿ. ಮುಖ ಸಿಂಡರಿಸಿದರೆ ಅಲ್ಲಿಗೆ ಗೊತ್ತಾಯಿತು. ಇನ್ನೊಂದು ಗುರುತು, ಪಾರ್ಟ್ ತರಿಸುವ ಮೊದಲು ಅವನು ಎಷ್ಟು ಹೊತ್ತು ಗಾಡಿ ಪರೀಕ್ಷಿಸುತ್ತಾನೆ ಅನ್ನುವುದು. ಬಾನೆಟ್ ಎತ್ತಿದ ಎರಡೇ ನಿಮಿಷಕ್ಕೆ "ಇದು ಹಾಕ್ಬಿಡೋಣ ಸಾರ್" ಅನ್ನುವವನಿಗಿಂತ, ಒಂದು ರೌಂಡ್ ಓಡಿಸಿ ಬಂದು ತಲೆ ಕೆರೆದುಕೊಳ್ಳುವವನು ವಾಸಿ. ಹುಡುಕಿದ್ದಕ್ಕೂ ಅವನಿಗೆ ಕೂಲಿ ಕೊಡಿ. ನಾವು ಹುಡುಕುವ ಕೆಲಸಕ್ಕೆ ದುಡ್ಡು ಕೊಡುವುದಿಲ್ಲ, ಪಾರ್ಟಿಗೆ ಮಾತ್ರ ಕೊಡುತ್ತೇವೆ. ಆಮೇಲೆ ಬೇಡದ ಪಾರ್ಟ್ ಹಾಕಿದರು ಅಂತ ದೂರುತ್ತೇವೆ.

ಮೂರನೇ ದಾರಿಯೊಂದನ್ನು ಜನ ಮರೆಯುತ್ತಾರೆ. ಒಂದೇ ಕೆಲಸ ಮಾಡುವ ಅಂಗಡಿಗಳು: ಆಟೋ ಎಲೆಕ್ಟ್ರಿಷಿಯನ್, ಏಸಿ ಅಂಗಡಿ, ರೇಡಿಯೇಟರ್ ಅಂಗಡಿ, ವೀಲ್ ಅಲೈನ್‌ಮೆಂಟ್, ಲೇತ್. ಏಸಿ ತಂಪು ಕಡಿಮೆಯಾದರೆ ನೇರವಾಗಿ ಏಸಿ ಅಂಗಡಿಗೇ ಹೋಗಿ. ಅಲ್ಲೂ "ಗ್ಯಾಸ್ ತುಂಬಿ" ಅನ್ನಬೇಡಿ, "ಎಲ್ಲಿ ಲೀಕ್ ಇದೆ ನೋಡಿ" ಅನ್ನಿ. ಗ್ಯಾಸ್ ತಾನಾಗಿ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ.

ಒರಿಜಿನಲ್, ಲೋಕಲ್, ಗುಜರಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ಬ್ರೇಕ್ ಪ್ಯಾಡಿಗೆ ನಾಲ್ಕು ಬೆಲೆ ಹೇಳುತ್ತಾರೆ. ಕಾರು ಕಂಪನಿಯ ಡಬ್ಬಿಯಲ್ಲಿ ಬರುವುದು ಒಂದು. ಅಂಥದ್ದನ್ನು ತಯಾರಿಸುವ ಕಂಪನಿ ತನ್ನದೇ ಹೆಸರಿನಲ್ಲಿ ಮಾರುವುದು ಇನ್ನೊಂದು. ಬಾಷ್, ಲೂಕಾಸ್ ಟಿವಿಎಸ್, ಡೆನ್ಸೊ ಇಂಥವು ಕಾರು ಕಂಪನಿಗಳಿಗೂ ಪಾರ್ಟ್ ಕೊಡುತ್ತವೆ, ಅಂಗಡಿಗೂ ಕೊಡುತ್ತವೆ. (ಆಡುಗೋಡಿಯ ಮೈಕೊ ಕಾರ್ಖಾನೆಯೇ ಇವತ್ತಿನ ಬಾಷ್.) ಮೂರನೆಯದು ಬೇರೆ ಬ್ರ್ಯಾಂಡಿನದು. ನಾಲ್ಕನೆಯದು ಅಸಲಿ ಡಬ್ಬಿಯಂತೆಯೇ ಕಾಣುವ ಡೂಪ್ಲಿಕೇಟ್. ಇವೆಲ್ಲ ಸಾಲದು ಅಂದರೆ ಶಿವಾಜಿನಗರದ ಗುಜರಿ ಇದೆ.

ಮೊದಲು ಕೇಳಿದ ಪ್ರಶ್ನೆಯನ್ನೇ ಇಲ್ಲೂ ಕೇಳಿ. ಬ್ರೇಕ್ ಪ್ಯಾಡ್, ಬ್ರೇಕ್ ಹೋಸ್, ಲೋವರ್ ಆರ್ಮ್, ಸ್ಟೀರಿಂಗ್ ಬಾಲ್ ಜಾಯಿಂಟ್, ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಬೆಲ್ಟ್), ಫ್ಯುಯೆಲ್ ಪೈಪ್ ಇವಕ್ಕೆ ಮೊದಲೆರಡು ದರ್ಜೆ ಬಿಟ್ಟು ಕೆಳಗಿಳಿಯಬೇಡಿ. ಫಿಲ್ಟರ್, ಪ್ಲಗ್, ಬೇರಿಂಗಿಗೆ ಎರಡನೇ ದರ್ಜೆಯೇ ಜಾಣತನ, ಗುಣ ಚೆನ್ನಾಗಿದ್ದು ಬೆಲೆ ಕಡಿಮೆ. ಬಂಪರ್, ಹೆಡ್‌ಲೈಟ್, ಹಬ್‌ಕ್ಯಾಪ್, ಡೋರ್ ಹ್ಯಾಂಡಲ್ ಯಾವುದಾದರೂ ನಡೆಯುತ್ತದೆ. ಗುಜರಿಯಲ್ಲಿ ಬಾಗಿಲು, ಕಿಟಕಿ ಗ್ಲಾಸ್, ಮಿರರ್, ಸೀಟ್, ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ ಹುಡುಕಿ, ಒಳ್ಳೇ ಮಾಲು ಸಿಗುತ್ತದೆ. ಬ್ರೇಕಿನ ಯಾವ ಭಾಗವನ್ನೂ, ಟೈರನ್ನೂ ಅಲ್ಲಿ ಕೊಳ್ಳಬೇಡಿ.

ಕೂಲಿ ಜಾಸ್ತಿ, ಪಾರ್ಟ್ ಕಡಿಮೆ ಇರುವ ಕಡೆ ಅರ್ಧ ಕೆಲಸ ಮಾಡಿಸುವುದು ದಂಡ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ಒಂದನ್ನೇ ಹಾಕಿಸಿದರೆ, ಆರು ತಿಂಗಳಿಗೆ ರಿಲೀಸ್ ಬೇರಿಂಗ್ ಕಿರುಗುಟ್ಟಿದಾಗ ಮತ್ತೆ ಅದೇ ಗೇರ್‌ಬಾಕ್ಸ್ ಇಳಿಸಬೇಕು. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರೂ ಸೆಟ್ಟಾಗಿ ಹಾಕಿಸಿ. ಟೈಮಿಂಗ್ ಬೆಲ್ಟ್ ಬಿಚ್ಚಿದಾಗ ಟೆನ್ಷನರ್ ಬದಲಿಸಿ, ವಾಟರ್ ಪಂಪ್ ಕೂಡ ನೋಡಿಸಿ. ಅಂದಹಾಗೆ 800, ಹಳೇ ಆಲ್ಟೊ, ಸ್ಯಾಂಟ್ರೊಗಳಲ್ಲಿ ಇರುವುದು ಬೆಲ್ಟ್. ಮಾರುತಿಯ ಕೆ ಸೀರೀಸ್ ಎಂಜಿನ್‌ಗಳಲ್ಲಿ ಚೈನ್. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು, ಬೆಲ್ಟ್ ಯಾವಾಗ ಬದಲಿಸಿದ್ದು ಅನ್ನುವ ದಾಖಲೆ ಇಲ್ಲದಿದ್ದರೆ ಮೊದಲ ಖರ್ಚು ಅದೇ ಆಗಲಿ.

ಆಯಿಲ್, ಹೊಗೆ, "ಎಂಜಿನ್ ಕೆಲಸ"

ಮಿನರಲ್ ಆಯಿಲ್ಲೋ, ಸಿಂಥೆಟಿಕ್ಕೋ ಅನ್ನುವ ವಾದಕ್ಕೆ ಕೊನೆಯಿಲ್ಲ. ಮ್ಯಾನ್ಯುಯಲ್‌ನಲ್ಲಿರುವ ಗ್ರೇಡಿನ ಒಳಗೇ ಇರಿ. ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಓಡುವ ಹಳೇ ಗಾಡಿಗೆ ಮಿನರಲ್ ಆಯಿಲ್ ಸಾಕು, ಐದು ಸಾವಿರಕ್ಕೋ ವರ್ಷಕ್ಕೋ ಯಾವುದು ಮೊದಲೋ ಆಗ ಬದಲಿಸಿ. ದಿನಾ ಹೈವೇ ಓಡಿಸುವವರಿಗೆ ಸಿಂಥೆಟಿಕ್ಕಿನ ಬೆಲೆ ಹೊಂದುತ್ತದೆ. ಆಯಿಲ್ ಕುಡಿಯುವ ಎಂಜಿನ್‌ಗೆ ದುಬಾರಿ ಸಿಂಥೆಟಿಕ್ ಹಾಕಿದರೆ ದುಬಾರಿ ಹೊಗೆ ಬರುತ್ತದೆ ಅಷ್ಟೇ.

ಹೊಗೆಯ ಬಣ್ಣ ನೋಡಿ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಸುಡುತ್ತಿದೆ, ಏರ್ ಫಿಲ್ಟರಿನಿಂದ ಶುರು ಮಾಡಿ. ಚಳಿಗಾಲದ ಬೆಳಿಗ್ಗೆ ತೆಳು ಬಿಳಿ ಹೊಗೆ ಬಂದು ಮಾಯವಾದರೆ ಬರಿ ನೀರಾವಿ. ನೀಲಿ ಹೊಗೆ ಆಯಿಲ್ಲಿನದು. ಅದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ ಬಂದು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲ್. ಓಡುವಾಗ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ರಿಂಗ್, ಬೋರ್ ಕಡೆ ಅನುಮಾನ. ಎರಡರ ಖರ್ಚಿಗೂ ಬಹಳ ಅಂತರ ಇದೆ. ಹಾಗಾಗಿ ಎಂಜಿನ್ ಇಳಿಸುವುದಕ್ಕೆ ಒಪ್ಪುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಎಲ್ಲಾ ಸಿಲಿಂಡರ್ ಅಳೆದು, ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಎರಡನೇ ಸಲ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಟೆಸ್ಟಿಗೆ ಗೇಜ್ ಇಲ್ಲ ಅನ್ನುವ ಗ್ಯಾರೇಜಿಗೆ ಎಂಜಿನ್ ಬಿಚ್ಚಲು ಕೊಡಬೇಡಿ.

ಈಗ ಬಂಕುಗಳಲ್ಲಿ ಸಿಗುವ ಇ20, ಅಂದರೆ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆಯೂ ಒಂದು ಮಾತು. 2021ರ ನೀತಿ ಆಯೋಗದ ವರದಿಯೇ, ಎಥನಾಲ್ ಇಲ್ಲದ ಪೆಟ್ರೋಲಿಗೆ ಮಾಡಿ ಇ10ಕ್ಕೆ (ಶೇ. 10 ಎಥನಾಲ್) ಹೊಂದಿಸಿದ ಕಾರುಗಳಲ್ಲಿ ಇ20 ಹಾಕಿದರೆ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದು ಅಂದಿತ್ತು. ಹಳೇ ಗಾಡಿಯಲ್ಲಿ ರಬ್ಬರ್ ಪೈಪ್, ಗ್ಯಾಸ್ಕೆಟ್ ಬೇಗ ಗಟ್ಟಿಯಾಗಿ ಸೀಳಬಹುದು. ಪೆಟ್ರೋಲ್ ವಾಸನೆ ಬಂದರೆ ಅಸಡ್ಡೆ ಬೇಡ, ಅವತ್ತೇ ತೋರಿಸಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಆಗಾಗ ಓಡಿಸಿ.

ಟೈರ್ ಮತ್ತು ಸ್ಟೀರಿಂಗ್

ಕಡಿಮೆ ಓಡುವ ಹಳೇ ಕಾರಿನ ಟೈರ್ ಸವೆಯುವ ಮೊದಲೇ ವಯಸ್ಸಾಗಿ ಸಾಯುತ್ತದೆ. ಬದಿಯಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ದರೆ 2019ರ 23ನೇ ವಾರದ ಟೈರ್. ಆರು ವರ್ಷ ದಾಟಿ ಬದಿಯಲ್ಲಿ ಸಣ್ಣ ಬಿರುಕು ಕಂಡರೆ, ಟೈರಿನ ಮೇಲಿನ ಗೆರೆಗಳು ಇನ್ನೂ ಆಳ ಇದ್ದರೂ ಬದಲಿಸಿ. ಸ್ಟೆಪ್ನಿಯನ್ನೂ ನೋಡಿ.

ಎಂಬತ್ತರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್. ಒಂದೇ ಕಡೆ ಎಳೆದರೆ ಮೊದಲು ಗಾಳಿ, ಆಮೇಲೆ ಅಲೈನ್‌ಮೆಂಟ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್. ಹಂಪ್ ಮೇಲೆ "ಕಟ್ ಕಟ್" ಅಂದರೆ ಲಿಂಕ್ ರಾಡ್, ಬುಷ್. ಬುಷ್ ಹೋಗಿರುವ ಗಾಡಿಗೆ ಅಲೈನ್‌ಮೆಂಟ್ ಮಾಡಿಸಿದರೆ ಒಂದು ವಾರವೂ ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಘಾಟಿ ಇಳಿಯುವವರು ಇದನ್ನು ಮುಂದೂಡಲೇಬಾರದು.

ಹದಿನೈದು ವರ್ಷ ಆದ ಮೇಲೆ

ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲಿನ ದೆಹಲಿ ಕಡೆಯ ನಿಯಮ ಕೇಳಿ ಇಲ್ಲಿಯವರೂ ಗಾಬರಿಯಾಗುತ್ತಾರೆ. ಅದು ಕರ್ನಾಟಕಕ್ಕೆ ಇಲ್ಲ. ಇಲ್ಲಿ ಸ್ವಂತ ಬಳಕೆಯ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆರ್‌ಟಿಒದಲ್ಲಿ ಗಾಡಿ ಪರೀಕ್ಷೆ ಪಾಸಾದರೆ 5 ವರ್ಷಕ್ಕೆ ನವೀಕರಿಸುತ್ತಾರೆ. 2022ರ ಏಪ್ರಿಲ್‌ನಿಂದ ಕಾರಿಗೆ ಇದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ. 2025ರ ಆಗಸ್ಟ್‌ನ ಆದೇಶದಂತೆ 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ. ಜೊತೆಗೆ ಗ್ರೀನ್ ಟ್ಯಾಕ್ಸ್ ಇದೆ.

ಉಳಿಸಿಕೊಳ್ಳುವುದೋ, ಗುಜರಿಗೆ ಹಾಕುವುದೋ? ನನ್ನ ಲೆಕ್ಕ ಸರಳ. ತಳದ ಚೌಕಟ್ಟಿಗೆ, ಸಸ್ಪೆನ್ಷನ್ ಕೂರುವ ಜಾಗಕ್ಕೆ ತುಕ್ಕು ತಿಂದಿದ್ದರೆ ಬಿಟ್ಟುಬಿಡಿ, ಎಂಜಿನ್ ಎಷ್ಟೇ ಚೆನ್ನಾಗಿರಲಿ. ತಳ ಗಟ್ಟಿ ಇದ್ದು ಎಂಜಿನ್, ಕ್ಲಚ್, ಟೈರ್ ಮೇಲೆ ಖರ್ಚು ಬಂದಿದ್ದರೆ ಉಳಿಸಿಕೊಳ್ಳಬಹುದು. ಹೊಸ ಕಾರಿನ ಕೆಲವು ತಿಂಗಳ ಕಂತಿನಲ್ಲಿ ಅಷ್ಟೂ ಮುಗಿಯುತ್ತದೆ. ಬಿಡುವುದಾದರೆ ಬೀದಿ ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಳ್ಳಬೇಡಿ, ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ಆಫ್ ಡೆಪಾಸಿಟ್ (ಗಾಡಿ ಒಪ್ಪಿಸಿದ್ದಕ್ಕೆ ದಾಖಲೆ) ತೆಗೆದುಕೊಳ್ಳಿ, ಆರ್‌ಸಿ ರದ್ದಾಗಿರುವುದನ್ನೂ ಖಾತ್ರಿ ಮಾಡಿಕೊಳ್ಳಿ.

ಉಳಿಸಿಕೊಳ್ಳುವುದಾದರೆ ಅವಧಿ ಮುಗಿಯುವ 60 ದಿನ ಮೊದಲಿನಿಂದ ಫಾರಂ 25 ಸಲ್ಲಿಸಬಹುದು. ತಡವಾದರೆ ಕಾರಿಗೆ ತಿಂಗಳಿಗೆ 500 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಸೇರುತ್ತಾ ಹೋಗುತ್ತದೆ. ಪರೀಕ್ಷೆಗೆ ಒಯ್ಯುವ ಮೊದಲು ಎಲ್ಲಾ ಲೈಟ್, ಇಂಡಿಕೇಟರ್, ಹಾರ್ನ್, ವೈಪರ್, ಹ್ಯಾಂಡ್ ಬ್ರೇಕ್, ಸೀಟ್ ಬೆಲ್ಟ್ ಕೆಲಸ ಮಾಡುತ್ತವೆಯಾ ನೋಡಿ. ಇನ್ಶೂರೆನ್ಸ್, ಹೊಗೆ ತಪಾಸಣೆಯ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ. ಷಾಸಿ ನಂಬರ್ ಮೇಲೆ ತುಕ್ಕು, ಮಣ್ಣು ಕಟ್ಟಿದ್ದರೆ ಹಿಂದಿನ ದಿನವೇ ಬಟ್ಟೆಯಲ್ಲಿ ನಿಧಾನಕ್ಕೆ ಒರೆಸಿಟ್ಟುಕೊಳ್ಳಿ. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಅಂಕಿ ಅಳಿಸಿದರೆ ದೊಡ್ಡ ತಲೆನೋವು.